ವೈರಸ್ ಸಂಬಂಧಿ ಕ್ಯಾನ್ಸರ್ ಅಧ್ಯಯನಕ್ಕೆ ಎಚ್‌ಎಲ್‌ಎ ಟೆಟ್ರಾಮರ್: ತಯಾರಿಯಿಂದ ಫಲಿತಾಂಶದವರೆಗೆ ಸಮಗ್ರ ಮಾರ್ಗದರ್ಶಿ

ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ತರುವ ಗರ್ಭಕಂಠದ ಕ್ಯಾನ್ಸರ್ ಇರುವ ರೋಗಿಯ ರಕ್ತ ಬಂದಿದೆ. ನಿರ್ದಿಷ್ಟ ಟಿ ಕೋಶಗಳಿಗೆ ಅಂಟುವ ಹೊಳೆಯುವ ಗುರುತಾದ ಟೆಟ್ರಾಮರ್ ಹಾಕಿ, ಕೋಶಗಳ ಹೊಳಪನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರಿನಲ್ಲಿ ಓಡಿಸಿದ್ದಾರೆ. ಟೆಟ್ರಾಮರ್ ಅಂಟಿದ ಕೋಶಗಳು ಕಾಣಬೇಕಾದ ಪರದೆಯ ಬಲ ಮೇಲ್ಮೂಲೆ ಖಾಲಿ. "ಈ ರೋಗಿಯಲ್ಲಿ ಎಚ್‌ಪಿವಿ ವಿರುದ್ಧದ ಟಿ ಕೋಶಗಳಿಲ್ಲ" ಎಂದು ನೋಟ್‌ಬುಕ್ಕಿನಲ್ಲಿ ಬರೆದು ಮುಂದಿನ ಮಾದರಿಗೆ ಹೋಗಿದ್ದಾರೆ. ಹಿಂದಿನ ಪುಟಗಳನ್ನು ತಿರುವಿದರೆ, ಬಯೋಟಿನ್ ಕೂಡಿಸಿದ ರಾತ್ರಿ ಬಫರಿನಲ್ಲಿ, ಬಯೋಟಿನ್ ಅಂಟಿಸುವ ಕಿಣ್ವಕ್ಕೆ ಬೇಕಾದ ಮೆಗ್ನೀಸಿಯಂ ಕಸಿಯುವ ಇಡಿಟಿಎ ಉಳಿದಿತ್ತು. ಅಂದರೆ ಪ್ರೋಟೀನಿಗೆ ಬಯೋಟಿನ್ ಅಂಟಿಯೇ ಇರಲಿಲ್ಲ, ಟೆಟ್ರಾಮರ್ ಹುಟ್ಟಿಯೇ ಇರಲಿಲ್ಲ. ರೋಗಿ ಕೊಟ್ಟ ರಕ್ತ ಮಾತ್ರ ಮುಗಿದುಹೋಯಿತು.

ಇದೇ ತಪ್ಪು ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ನನ್ನ ಮುಂದೆ ಬಂದಿದೆ. ತಪ್ಪು ಕಣ್ಣಿಗೆ ಬೀಳುವುದು ಕೊನೆಯ ಹಂತದಲ್ಲಿ, ಹುಟ್ಟುವುದು ಮೂರು ನಾಲ್ಕು ಹಂತ ಹಿಂದೆ. ಆದ್ದರಿಂದ ಈ ಬರಹದಲ್ಲಿ ಪ್ರತಿ ಹಂತಕ್ಕೂ "ಇದನ್ನು ನೋಡದೆ ಮುಂದೆ ಹೋಗಬೇಡಿ" ಎಂಬ ಒಂದು ಪರೀಕ್ಷೆಯನ್ನು ಹೇಳಿದ್ದೇನೆ. ಪ್ರೋಟೀನ್ ಕೆಲಸದ ಪ್ರಾಥಮಿಕ ಅನುಭವ ಇರುವ ಎಂಎಸ್ಸಿ, ಪಿಎಚ್‌ಡಿ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

## ನಾವು ಕಟ್ಟುತ್ತಿರುವುದು ಏನು

ಸೋಂಕು ತಗುಲಿದ ಕೋಶದಲ್ಲಿ ವೈರಸ್ಸಿನ ಪ್ರೋಟೀನ್ ಚೂರಾದಾಗ, ಎಂಟರಿಂದ ಹತ್ತು ಅಮೈನೋ ಆಮ್ಲಗಳ ಒಂದು ತುಣುಕನ್ನು ಎಚ್‌ಎಲ್‌ಎ ಎಂಬ ಪ್ರೋಟೀನ್ ಕೋಶದ ಹೊರಮೈ ಮೇಲೆ ಎತ್ತಿ ತೋರಿಸುತ್ತದೆ. ಸಿಡಿ8 ಟಿ ಕೋಶ ಗುರುತಿಸುವುದು ಈ ಜೋಡಿಯನ್ನು. ಇದರಲ್ಲಿ ಮೂರು ಭಾಗಗಳಿವೆ: ಹೆವಿ ಚೈನ್, ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಮತ್ತು ವೈರಸ್ಸಿನ ಪೆಪ್ಟೈಡ್. ಮೂರೂ ಒಟ್ಟಿಗೆ ಇದ್ದರೆ ಮಾತ್ರ ರಚನೆ ನಿಲ್ಲುತ್ತದೆ.

ಒಂಟಿ ಸಂಕೀರ್ಣ ಟಿ ಕೋಶದ ಗ್ರಾಹಕಕ್ಕೆ ತಗುಲಿ ಕೆಲವೇ ಕ್ಷಣಗಳಲ್ಲಿ ಬಿಟ್ಟುಹೋಗುತ್ತದೆ. ಬಯೋಟಿನ್ ಅಂಟಿಸಿದ ನಾಲ್ಕು ಸಂಕೀರ್ಣಗಳನ್ನು ಹೊಳೆಯುವ ಬಣ್ಣ ಹೊತ್ತ, ಬಯೋಟಿನ್ ಹಿಡಿಯುವ ನಾಲ್ಕು ಜಾಗಗಳಿರುವ ಒಂದು ಸ್ಟ್ರೆಪ್ಟಾವಿಡಿನ್ ಪ್ರೋಟೀನಿಗೆ ಕಟ್ಟಿದರೆ, ಒಂದು ಕೈ ಜಾರಿದರೂ ಉಳಿದವು ಹಿಡಿದುಕೊಂಡಿರುತ್ತವೆ. ಅದೇ ಟೆಟ್ರಾಮರ್.

## ಮೊದಲೇ ಹೊಂದಿಸಿಟ್ಟುಕೊಳ್ಳಬೇಕಾದವು

ಬಿಎಲ್21 ಡಿಇ3 ತಳಿಯ ಇ. ಕೋಲಿ, ಶೇಕರ್, ಸೋನಿಕೇಟರ್, ಹೆಚ್ಚು ವೇಗದ ತಣ್ಣನೆ ಸೆಂಟ್ರಿಫ್ಯೂಜ್, ಕೋಲ್ಡ್ ರೂಮ್ ಅಥವಾ ಮ್ಯಾಗ್ನೆಟಿಕ್ ಸ್ಟರರ್ ಹಿಡಿಯುವಷ್ಟು ದೊಡ್ಡ ಶೀತಕಪಾಟು, 10 ಕಿಲೋಡಾಲ್ಟನ್ ಪೊರೆಯ ಅಲ್ಟ್ರಾಫಿಲ್ಟ್ರೇಷನ್ ಸಾಧನ, ಜೆಲ್ ಫಿಲ್ಟ್ರೇಷನ್ ಕಾಲಂ ಸಹಿತ ಕ್ರೊಮಟೋಗ್ರಫಿ ಯಂತ್ರ. ರಾಸಾಯನಿಕಗಳಲ್ಲಿ ಅತಿ ಶುದ್ಧ ಯೂರಿಯಾ, ಎಲ್-ಆರ್ಜಿನೈನ್, ಗ್ಲುಟಾಥಯೋನಿನ ಎರಡೂ ರೂಪಗಳು (ಅಪಕರ್ಷಿತ ಮತ್ತು ಉತ್ಕರ್ಷಿತ), ಬಯೋಟಿನ್ ಅಂಟಿಸುವ ಬರ್‌ಎ ಕಿಣ್ವ, ಎಟಿಪಿ, ಡಿ-ಬಯೋಟಿನ್ ಬೇಕು. ಕೊನೆಗೆ ಪಿಇ ಮತ್ತು ಎಪಿಸಿ ಎಂಬ ಹೊಳೆಯುವ ಬಣ್ಣ ಅಂಟಿದ ಸ್ಟ್ರೆಪ್ಟಾವಿಡಿನ್ ಬೇಕು.

ಜೀನ್ ಜೋಡಿಸಿದ ಬ್ಯಾಕ್ಟೀರಿಯಾ ಬೆಳೆಸಲು ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕು. ರೋಗಿಗಳ ಮಾದರಿಗೆ ನೈತಿಕ ಸಮಿತಿಯ ಅನುಮೋದನೆ ಮತ್ತು ರೋಗಿಗೆ ಅರ್ಥವಾಗುವ ಭಾಷೆಯ ಸಮ್ಮತಿ ಪತ್ರ ಬೇಕು. ರಕ್ತ ಮುಟ್ಟುವ ಪ್ರತಿಯೊಬ್ಬರೂ ಹೆಪಟೈಟಿಸ್ ಬಿ ಲಸಿಕೆ ಪಡೆದಿರಬೇಕು. ಈ ಕಾಗದದ ಕೆಲಸವನ್ನು ಮೊದಲ ವಾರವೇ ಆರಂಭಿಸಿ. ಪ್ರೋಟೀನ್ ಸಿದ್ಧವಾಗಿದ್ದು ಅನುಮತಿಗೆ ಕಾಯುವ ಸ್ಥಿತಿ ಬಂದರೆ ಪ್ರೋಟೀನ್ ಕಾಯುವುದಿಲ್ಲ.

## ಹಂತ 1: ವೈರಸ್, ಪೆಪ್ಟೈಡ್ ಮತ್ತು ಎಚ್‌ಎಲ್‌ಎ ಮೂರನ್ನೂ ಹೊಂದಿಸಿ

ಅತಿ ಹೆಚ್ಚು ಸೋಲು ಇಲ್ಲಿಯೇ. ಯಾವುದೋ ಪ್ರಬಂಧದಲ್ಲಿ ಕಂಡ ಪೆಪ್ಟೈಡನ್ನು ತರಿಸಿ ಕೆಲಸ ಆರಂಭಿಸುತ್ತಾರೆ. ಎಚ್‌ಎಲ್‌ಎ ರೂಪ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ; ಆ ಪೆಪ್ಟೈಡ್ ಹಿಡಿಯುವ ರೂಪ ತಮ್ಮ ರೋಗಿಗಳಲ್ಲಿ ಎಷ್ಟು ಮಂದಿಗಿದೆ ಎಂದು ನೋಡಿರುವುದಿಲ್ಲ.

ಉದಾಹರಣೆಗೆ ಎಚ್‌ಪಿವಿ 16. ಇದರ ಇ7 ಪ್ರೋಟೀನಿನ 11ರಿಂದ 19ನೆಯ ಅಮೈನೋ ಆಮ್ಲಗಳ ತುಣುಕು, ಒಂದಕ್ಕೊಂದು ಅಕ್ಷರದಂತೆ, ವೈ-ಎಂ-ಎಲ್-ಡಿ-ಎಲ್-ಕ್ಯೂ-ಪಿ-ಇ-ಟಿ. ಇದು ಎಚ್‌ಎಲ್‌ಎ-ಎ*02:01 ಜೊತೆ ಕೂಡುತ್ತದೆ. ಬಹಳಷ್ಟು ಪ್ರಕಟಿತ ಕೆಲಸ ಈ ಒಂದೇ ರೂಪದ ಸುತ್ತ ನಡೆದಿದೆ, ಏಕೆಂದರೆ ಯುರೋಪಿಯನ್ ಮೂಲದ ಜನರಲ್ಲಿ ಎ2 ಎಂದರೆ ಹೆಚ್ಚಾಗಿ 02:01. ನಮ್ಮಲ್ಲಿ ಹಾಗಲ್ಲ. ಭಾರತೀಯರಲ್ಲಿ 02:11, 02:06, 02:03 ಸಾಕಷ್ಟು ಕಾಣುತ್ತವೆ. ಜೊತೆಗೆ ಎ*11:01, ಎ*24:02, ಎ*33:03 ಕೂಡ ಸಾಮಾನ್ಯ. "ಎ2 ಪಾಸಿಟಿವ್" ಎಂಬ ವರದಿಯನ್ನು ನಂಬಿ 02:01 ಟೆಟ್ರಾಮರ್ ಹಾಕಿದರೆ, 02:11 ಇರುವ ವ್ಯಕ್ತಿಯ ಟಿ ಕೋಶಗಳು ಅದನ್ನು ತನ್ನದೆಂದು ಗುರುತಿಸುತ್ತವೆ ಎಂಬ ಭರವಸೆ ಇಲ್ಲ. ಕರ್ನಾಟಕದ ಆಸ್ಪತ್ರೆಗಳಿಂದ ಮಾದರಿ ಪಡೆಯುವವರು ನಾಲ್ಕಂಕಿಯ (ಎ2 ಎಂದಷ್ಟೇ ಅಲ್ಲ, 02:01 ಎಂದು ಹೇಳುವ) ಎಚ್‌ಎಲ್‌ಎ ಟೈಪಿಂಗ್ ಮಾಡಿಸದೆ ಒಂದು ರೂಪಾಯಿಯನ್ನೂ ಪೆಪ್ಟೈಡಿಗೆ ಖರ್ಚು ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎರಡನೆಯ ಟೈಪಿಂಗ್ ವೈರಸ್ಸಿನದು. ಜಗತ್ತಿನ ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 70ಕ್ಕೆ ಎಚ್‌ಪಿವಿ 16 ಮತ್ತು 18 ಕಾರಣ. ಉಳಿದವಕ್ಕೆ ಬೇರೆ ತಳಿಗಳು. ಗಡ್ಡೆಯಲ್ಲಿ 18 ಇದ್ದು ನೀವು 16ರ ಪೆಪ್ಟೈಡ್ ಹಾಕಿದರೆ ಖಾಲಿ ಬರುವುದು ಸಹಜ. ಬಾಯಿಯ ಕ್ಯಾನ್ಸರಿನಲ್ಲಿ ಇನ್ನೂ ಎಚ್ಚರ ಬೇಕು. ನಮ್ಮಲ್ಲಿ ಇದು ಬಹುಪಾಲು ತಂಬಾಕು ಮತ್ತು ಅಡಿಕೆಯಿಂದ ಬರುತ್ತದೆ, ಎಚ್‌ಪಿವಿಯಿಂದಲ್ಲ. ಎಚ್‌ಪಿವಿಯ ಪರೋಕ್ಷ ಗುರುತಾದ ಪಿ16 ಪ್ರೋಟೀನ್ ಬಣ್ಣ ಹಿಡಿದರೆ ಸಾಲದು. ವೈರಸ್ಸಿನ ಡಿಎನ್‌ಎ, ಸಾಧ್ಯವಾದರೆ ಇ6 ಮತ್ತು ಇ7ರ ಆರ್‌ಎನ್‌ಎ ಕೂಡ ಗಡ್ಡೆಯಲ್ಲಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ.

ಪೆಪ್ಟೈಡ್ ಶೇ. 95ರಷ್ಟು ಶುದ್ಧವಾಗಿರಲಿ. ಡಿಎಂಎಸ್‌ಒದಲ್ಲಿ ಕರಗಿಸಿ ಸಣ್ಣ ಪಾಲುಗಳಾಗಿ ಮೈನಸ್ 80 ಡಿಗ್ರಿಯಲ್ಲಿಡಿ. ಸಿಸ್ಟೀನ್ ಇರುವ ಪೆಪ್ಟೈಡುಗಳು ಗಾಳಿ ತಗುಲಿದರೆ ಪರಸ್ಪರ ಅಂಟಿಕೊಂಡು ಜೋಡಿಯಾಗುತ್ತವೆ. ಮರ್ಕೆಲ್ ಕೋಶ ಕ್ಯಾನ್ಸರ್ ತರುವ ಪಾಲಿಯೋಮಾ ವೈರಸ್ಸಿನ ಕೆ-ಎಲ್-ಎಲ್-ಇ-ಐ-ಎ-ಪಿ-ಎನ್-ಸಿ ಇದಕ್ಕೆ ಒಳ್ಳೆಯ ನಿದರ್ಶನ. ಮೆಥಿಯೋನಿನ್ ಇರುವ ನಮ್ಮ ಇ7 ತುಣುಕು ಕೂಡ ಹಳೆಯದಾದಂತೆ ಆಕ್ಸಿಡೀಕರಣಗೊಳ್ಳುತ್ತದೆ. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಬೇಡಿ.

ಮೊದಲ ಬಾರಿ ಮಾಡುವವರು ಎರಡು ಸಹಾಯಕ ಪೆಪ್ಟೈಡುಗಳನ್ನೂ ತರಿಸಿಕೊಳ್ಳಿ. ಒಂದು ಎಚ್‌ಟಿಎಲ್‌ವಿ-1 ವೈರಸ್ಸಿನ ಟ್ಯಾಕ್ಸ್ ಪ್ರೋಟೀನಿನ ಎಲ್-ಎಲ್-ಎಫ್-ಜಿ-ವೈ-ಪಿ-ವಿ-ವೈ-ವಿ. ಇದು 02:01 ಜೊತೆ ಬಹಳ ಗಟ್ಟಿಯಾಗಿ ಕೂಡುವುದರಿಂದ ರೀಫೋಲ್ಡಿಂಗ್ (ಸರಪಳಿಗಳನ್ನು ಮತ್ತೆ ಮಡಿಚಿಸುವುದು, ಹಂತ 4) ಕಲಿಯಲು ಸೂಕ್ತ. ಇನ್ನೊಂದು ಎಪ್‌ಸ್ಟೀನ್-ಬಾರ್ ವೈರಸ್ಸಿನ ಜಿ-ಎಲ್-ಸಿ-ಟಿ-ಎಲ್-ವಿ-ಎ-ಎಂ-ಎಲ್. ಆರೋಗ್ಯವಂತ ವಯಸ್ಕರಲ್ಲಿಯೂ ಈ ವೈರಸ್ಸಿನ ನೆನಪಿನ ಕೋಶಗಳು ಇರುವುದರಿಂದ, ಬಣ್ಣ ಹಿಡಿಸುವ ಕ್ರಮ ಸರಿಯೇ ಎಂದು ನೋಡಲು ಇದು ಬೇಕು.

## ಹಂತ 2: ಬ್ಯಾಕ್ಟೀರಿಯಾದಲ್ಲಿ ಎರಡು ಸರಪಳಿಗಳು

ಹೆವಿ ಚೈನ್ ಮತ್ತು ಬೀಟಾ-2 ಮೈಕ್ರೋಗ್ಲಾಬ್ಯುಲಿನನ್ನು ಬೇರೆ ಬೇರೆ ಫ್ಲಾಸ್ಕುಗಳಲ್ಲಿ ಬೆಳೆಸಿ. ಹೆವಿ ಚೈನಿನ ಪೊರೆಯೊಳಗಿನ ಭಾಗವನ್ನು ಕತ್ತರಿಸಿ, ಹೊರಭಾಗದ ತುದಿಗೆ 15 ಅಮೈನೋ ಆಮ್ಲಗಳ ಏವಿಟ್ಯಾಗ್ ಜೋಡಿಸಿದ ಜೀನ್ ಬೇಕು. ಬಯೋಟಿನ್ ಕೂರುವುದು ಈ ಟ್ಯಾಗಿನ ಒಂದೇ ಒಂದು ಲೈಸಿನ್ ಮೇಲೆ. ಬಂದ ಪ್ಲಾಸ್ಮಿಡನ್ನು ಸೀಕ್ವೆನ್ಸಿಂಗ್ ಮಾಡಿಸದೆ ಬಳಸಬೇಡಿ. ಟ್ಯಾಗ್ ಚೌಕಟ್ಟು ತಪ್ಪಿದ್ದರೆ ಅದು ಗೊತ್ತಾಗುವುದು ಆರನೆಯ ಹಂತದಲ್ಲಿ.

37 ಡಿಗ್ರಿಯಲ್ಲಿ ಬೆಳೆಸಿ, 600 ನ್ಯಾನೋಮೀಟರಿನ ಓಡಿ (ದ್ರವದ ಮಬ್ಬಿನ ಅಳತೆ) 0.6 ಮುಟ್ಟಿದಾಗ ಜೀನನ್ನು ಪ್ರಚೋದಿಸುವ ಐಪಿಟಿಜಿ ಹಾಕಿ, ನಾಲ್ಕು ಗಂಟೆ ಬಿಡಿ. ಕರಗುವ ಪ್ರೋಟೀನ್ ಬರಲೆಂದು ತಾಪಮಾನ ಇಳಿಸುವ ಅಭ್ಯಾಸ ಇಲ್ಲಿ ಬೇಡ. ನಮಗೆ ಬೇಕಾದದ್ದು ಕರಗದ ಇನ್‌ಕ್ಲೂಷನ್ ಬಾಡಿ, ಅಂದರೆ ಬ್ಯಾಕ್ಟೀರಿಯಾದೊಳಗೆ ಮುದ್ದೆಗಟ್ಟಿದ ಪ್ರೋಟೀನ್. ಪ್ರಚೋದನೆಗೆ ಮುನ್ನ ಮತ್ತು ನಂತರದ ಮಾದರಿಗಳನ್ನು ಜೆಲ್ ಮೇಲೆ ಓಡಿಸಿ. ಸುಮಾರು 34 ಮತ್ತು 12 ಕಿಲೋಡಾಲ್ಟನ್ ಬಳಿ ದಪ್ಪ ಪಟ್ಟಿ ಕಾಣಬೇಕು.

## ಹಂತ 3: ಇನ್‌ಕ್ಲೂಷನ್ ಬಾಡಿ ತೊಳೆದು ಕರಗಿಸಿ

ಕೋಶಗಳನ್ನು ಒಡೆದ ಮೇಲೆ ಉಳಿಯುವ ಬಿಳಿ ಗಸಿಯನ್ನು ಶೇ. 0.5 ಟ್ರೈಟಾನ್ ಎಕ್ಸ್-100 ಇರುವ ಬಫರಿನಲ್ಲಿ ಕನಿಷ್ಠ ಮೂರು ಬಾರಿ ತೊಳೆಯಿರಿ. ಕೊನೆಯ ಒಂದೆರಡು ಸಲ ಡಿಟರ್ಜೆಂಟ್ ಇಲ್ಲದ ಬಫರ್ ಬಳಸಿ. ಪ್ರತಿ ಸಲವೂ ಗಸಿಯನ್ನು ಪೂರ್ತಿ ಒಡೆದು ಕಲಕಬೇಕು. ಮುದ್ದೆಯ ಮೇಲೆ ನೀರು ಹಾಯಿಸಿದಂತೆ ಮಾಡಿದರೆ ಒಳಗಿನ ಕೊಳೆ ಹಾಗೆಯೇ ಉಳಿಯುತ್ತದೆ. ಚೆನ್ನಾಗಿ ತೊಳೆದ ಗಸಿ ಸುಣ್ಣದಂತೆ ಬೆಳ್ಳಗೆ ಕಾಣುತ್ತದೆ. ಕಂದು ಛಾಯೆ ಇದ್ದರೆ ಇನ್ನೂ ತೊಳೆಯಿರಿ. ಲೋಳೆ ಲೋಳೆಯಾಗಿದ್ದರೆ ಡಿಎನ್‌ಎ ಉಳಿದಿದೆ ಎಂದರ್ಥ. ಮತ್ತೆ ಸೋನಿಕೇಟ್ ಮಾಡಿ ಅಥವಾ ಡಿಎನ್‌ಏಸ್ ಹಾಕಿ.

ಕರಗಿಸಲು 8 ಮೋಲಾರ್ ಯೂರಿಯಾ, 25 ಮಿಲಿಮೋಲಾರ್ ಎಂಇಎಸ್, 10 ಮಿಲಿಮೋಲಾರ್ ಇಡಿಟಿಎ, 0.1 ಮಿಲಿಮೋಲಾರ್ ಡಿಟಿಟಿ, ಪಿಎಚ್ 6.0. ಯೂರಿಯಾ ದ್ರಾವಣವನ್ನು ಅದೇ ದಿನ ಮಾಡಿಕೊಳ್ಳಿ, ಬಿಸಿ ಮಾಡಬೇಡಿ. ಹಳೆಯ ಯೂರಿಯಾದಲ್ಲಿ ಸಯನೇಟ್ ಹುಟ್ಟಿ ಲೈಸಿನ್‌ಗಳಿಗೆ ಅಂಟುತ್ತದೆ. ಏವಿಟ್ಯಾಗಿನಲ್ಲಿ ಬಯೋಟಿನ್ ಕೂರಬೇಕಾದ ಜಾಗವೂ ಲೈಸಿನ್ನೇ ಎಂಬುದು ನೆನಪಿರಲಿ.

ಕರಗಿದ್ದನ್ನು ಸೆಂಟ್ರಿಫ್ಯೂಜ್ ಮಾಡಿ, ತಿಳಿಯನ್ನು ಅಳೆದು, 10 ಮಿಲಿಗ್ರಾಂ ಪಾಲುಗಳಾಗಿ ಮೈನಸ್ 80ಕ್ಕೆ ಹಾಕಿ. ಜೆಲ್ ಮೇಲೆ ಶುದ್ಧತೆ ಶೇ. 80ಕ್ಕಿಂತ ಕಡಿಮೆ ಕಂಡರೆ ಮುಂದೆ ಹೋಗಬೇಡಿ. ಉಳಿದ ಬ್ಯಾಕ್ಟೀರಿಯಾ ಪ್ರೋಟೀನುಗಳು ಮುಂದಿನ ಹಂತದಲ್ಲಿ ಹೆವಿ ಚೈನನ್ನು ತಮ್ಮೊಂದಿಗೆ ಎಳೆದುಕೊಂಡು ಗಸಿಯಾಗುತ್ತವೆ.

## ಹಂತ 4: ರೀಫೋಲ್ಡಿಂಗ್

ಬಿಚ್ಚಿಕೊಂಡಿರುವ ಎರಡು ಸರಪಳಿಗಳು ಪೆಪ್ಟೈಡನ್ನು ನಡುವೆ ಹಿಡಿದು ಮತ್ತೆ ಮಡಿಚಿಕೊಳ್ಳುವ ಹಂತ ಇದು. ಇಡೀ ಕೆಲಸದ ಹೃದಯ ಇಲ್ಲಿದೆ. ಇಲ್ಲಿಗೆ ನಿಮ್ಮ ಹೆಚ್ಚಿನ ತಾಳ್ಮೆಯನ್ನು ಎತ್ತಿಟ್ಟುಕೊಳ್ಳಿ.

ಒಂದು ಲೀಟರ್ ಬಫರಿಗೆ: 100 ಮಿಲಿಮೋಲಾರ್ ಟ್ರಿಸ್, 400 ಮಿಲಿಮೋಲಾರ್ ಎಲ್-ಆರ್ಜಿನೈನ್, 2 ಮಿಲಿಮೋಲಾರ್ ಇಡಿಟಿಎ, 5 ಮಿಲಿಮೋಲಾರ್ ಅಪಕರ್ಷಿತ ಗ್ಲುಟಾಥಯೋನ್, 0.5 ಮಿಲಿಮೋಲಾರ್ ಉತ್ಕರ್ಷಿತ ಗ್ಲುಟಾಥಯೋನ್, ಜೊತೆಗೆ ಪ್ರೋಟಿಯೇಸ್ ತಡೆಗಾರಕ. ಪಿಎಚ್ 8.0.

ಪಿಎಚ್ ಬಗ್ಗೆ ಬಿಡಿಸಿ ಹೇಳಬೇಕು. ಟ್ರಿಸ್ ತಣ್ಣಗಾದಂತೆ ಅದರ ಪಿಎಚ್ ಏರುತ್ತದೆ, ಪ್ರತಿ ಡಿಗ್ರಿಗೆ ಸುಮಾರು 0.03. ಮೇಜಿನ ಮೇಲೆ 25 ಡಿಗ್ರಿಯಲ್ಲಿ 8.0 ಎಂದು ಹೊಂದಿಸಿ ಕೋಲ್ಡ್ ರೂಮಿಗೆ ಒಯ್ದರೆ ಅಲ್ಲಿ 8.6 ಆಗಿರುತ್ತದೆ. ಆದ್ದರಿಂದ ಬಫರ್ ತಣ್ಣಗಾದ ಮೇಲೆ, ತಣ್ಣಗಿರುವಾಗಲೇ ಹೊಂದಿಸಿ. ಇನ್ನೊಂದು: ಆರ್ಜಿನೈನ್ ಎರಡು ರೂಪದಲ್ಲಿ ಸಿಗುತ್ತದೆ, ಹೈಡ್ರೋಕ್ಲೋರೈಡ್ ಮತ್ತು ಶುದ್ಧ ಕ್ಷಾರ. ಕ್ಷಾರದ ರೂಪ ಹಾಕಿದರೆ ಪಿಎಚ್ ವಿಪರೀತ ಏರುತ್ತದೆ. ಬಾಟಲಿಯ ಚೀಟಿ ಓದಿ. ಗ್ಲುಟಾಥಯೋನುಗಳನ್ನು ಪ್ರೋಟೀನ್ ಹಾಕುವ ಸ್ವಲ್ಪ ಮುಂಚೆ ಸೇರಿಸಿ, ಆ ಬಳಿಕ ಪಿಎಚ್ ಇನ್ನೊಮ್ಮೆ ನೋಡಿ.

ಪ್ರಮಾಣ ಹೀಗೆ: ಪೆಪ್ಟೈಡ್ 10 ಮೈಕ್ರೋಮೋಲಾರ್, ಬೀಟಾ-2 ಮೈಕ್ರೋಗ್ಲಾಬ್ಯುಲಿನ್ 2 ಮೈಕ್ರೋಮೋಲಾರ್, ಹೆವಿ ಚೈನ್ 1 ಮೈಕ್ರೋಮೋಲಾರ್. ಒಂದು ಲೀಟರಿಗೆ ಲೆಕ್ಕ ಹಾಕಿದರೆ ಸುಮಾರು 11, 24 ಮತ್ತು 34 ಮಿಲಿಗ್ರಾಂ.

ಹಾಕುವ ಕ್ರಮ ಬದಲಿಸಬೇಡಿ. ಮೊದಲು ಪೆಪ್ಟೈಡ್, ನಂತರ ಬೀಟಾ-2 ಮೈಕ್ರೋಗ್ಲಾಬ್ಯುಲಿನ್, ಕೊನೆಗೆ ಹೆವಿ ಚೈನ್. ಹೆವಿ ಚೈನ್ ಬಫರಿಗೆ ಇಳಿದ ಕ್ಷಣವೇ ಅದಕ್ಕೆ ಜೊತೆಗಾರರು ಸಿಗಬೇಕು. ಸಿಗದಿದ್ದರೆ ಅದು ತನ್ನಂಥ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಇದೇ ಕಾರಣಕ್ಕೆ ಹೆವಿ ಚೈನನ್ನು ಒಂದೇ ಸಲ ಸುರಿಯುವಂತಿಲ್ಲ. ಮೂರು ಪಾಲು ಮಾಡಿ, ಬೆಳಗ್ಗೆ ಒಂದು, ಸಂಜೆ ಒಂದು, ಮರುದಿನ ಬೆಳಗ್ಗೆ ಒಂದು. ಪ್ರತಿ ಪಾಲನ್ನೂ ಸಣ್ಣ ಸೂಜಿಯ ಸಿರಿಂಜಿನಲ್ಲಿ ತೆಗೆದುಕೊಂಡು, ತಿರುಗುತ್ತಿರುವ ಕಲಕುಗಡ್ಡಿಯ ಹತ್ತಿರ, ದ್ರವದೊಳಗೆ ತುದಿ ಮುಳುಗಿಸಿ ಹನಿಹನಿಯಾಗಿ ಬಿಡಿ. ಕಲಕುವುದು ಜೋರಾಗಿರಲಿ, ಆದರೆ ನೊರೆ ಏಳಬಾರದು. ನೊರೆಯ ಮೇಲ್ಮೈಯಲ್ಲಿ ಪ್ರೋಟೀನ್ ಕೆಡುತ್ತದೆ. 4ರಿಂದ 10 ಡಿಗ್ರಿಯಲ್ಲಿ ಒಟ್ಟು 48ರಿಂದ 72 ಗಂಟೆ.

ಎರಡನೆಯ ದಿನ ಬಾಟಲಿಯಲ್ಲಿ ತೆಳುವಾದ ಮಬ್ಬು ಕಂಡರೆ ಗಾಬರಿ ಬೇಡ. ಒಂದಷ್ಟು ಹೆವಿ ಚೈನ್ ಯಾವಾಗಲೂ ನಷ್ಟವಾಗುತ್ತದೆ. ಹಾಕಿದ ಹತ್ತು ನಿಮಿಷದಲ್ಲೇ ಹಾಲಿನಂತೆ ಬೆಳ್ಳಗಾದರೆ ಮಾತ್ರ ನಿಲ್ಲಿಸಿ. ಆಗ ಸಾಮಾನ್ಯವಾಗಿ ಮೂರು ಕಾರಣಗಳಲ್ಲಿ ಒಂದು: ಪೆಪ್ಟೈಡ್ ಹಾಕಲು ಮರೆತಿರುವುದು ಅಥವಾ ಅದು ಕೆಟ್ಟಿರುವುದು, ಆರ್ಜಿನೈನ್ ಕಡಿಮೆಯಾಗಿರುವುದು, ಹೆವಿ ಚೈನ್ ಒಮ್ಮೆಗೇ ಬಿದ್ದಿರುವುದು.

ತಪ್ಪಿಸಬಾರದ ಪರೀಕ್ಷೆ. ಹೊಸ ಪೆಪ್ಟೈಡ್ ಬಳಸುವಾಗ 50 ಮಿಲಿಲೀಟರಿನ ಮೂರು ಪುಟ್ಟ ರೀಫೋಲ್ಡಿಂಗುಗಳನ್ನು ಪಕ್ಕಪಕ್ಕದಲ್ಲಿ ಮಾಡಿ: ಟ್ಯಾಕ್ಸ್ ಪೆಪ್ಟೈಡ್ ಜೊತೆ, ನಿಮ್ಮ ಪೆಪ್ಟೈಡ್ ಜೊತೆ, ಪೆಪ್ಟೈಡೇ ಇಲ್ಲದೆ. ಟ್ಯಾಕ್ಸ್ ಇರುವುದು ಸೋತರೆ ದೋಷ ಬಫರಿನಲ್ಲಿದೆ ಅಥವಾ ಸರಪಳಿಗಳಲ್ಲಿದೆ. ಟ್ಯಾಕ್ಸ್ ಗೆದ್ದು ನಿಮ್ಮದು ಸೋತರೆ ಪೆಪ್ಟೈಡ್ ದುರ್ಬಲವಾಗಿ ಕೂಡುತ್ತದೆ ಅಥವಾ ಹಾಳಾಗಿದೆ. ಪೆಪ್ಟೈಡ್ ಇಲ್ಲದ್ದರಲ್ಲಿಯೂ ಕಾಲಂನಿಂದ ಅದೇ ಜಾಗದಲ್ಲಿ ಅದೇ ಎತ್ತರದ ಶಿಖರ ಬಂದರೆ, ನೀವು ನೋಡುತ್ತಿರುವುದು ಸಂಕೀರ್ಣವಲ್ಲ. ಈ ಮೂರು ಪುಟ್ಟ ಬಾಟಲಿಗಳು ತಿಂಗಳುಗಟ್ಟಲೆ ಅಲೆದಾಟ ಉಳಿಸುತ್ತವೆ.

## ಹಂತ 5: ಸಾಂದ್ರಗೊಳಿಸಿ, ಬಫರ್ ಬದಲಿಸಿ

ಮೊದಲು ಸೆಂಟ್ರಿಫ್ಯೂಜ್, ಆಮೇಲೆ 0.2 ಮೈಕ್ರಾನ್ ಸೋಸುವಿಕೆ, ಆಮೇಲೆ ಸಾಂದ್ರೀಕರಣ. ಗಸಿ ತೆಗೆಯದೆ ಪೊರೆಯ ಮೇಲೆ ಹಾಕಿದರೆ ಪೊರೆ ಕಟ್ಟಿಕೊಳ್ಳುವುದು ಒಂದು ತೊಂದರೆ. ಅದಕ್ಕಿಂತ ದೊಡ್ಡ ತೊಂದರೆ, ಆ ಗಸಿ ಒಳ್ಳೆಯ ಪ್ರೋಟೀನನ್ನೂ ಕೆಡಿಸುವುದು.

ಒಂದು ಲೀಟರನ್ನು ಒಂದೆರಡು ಮಿಲಿಲೀಟರಿಗೆ ಇಳಿಸಿದ ಮೇಲೆ, ಅದನ್ನು ಕಡಿಮೆ ಉಪ್ಪಿನ 10 ಮಿಲಿಮೋಲಾರ್ ಟ್ರಿಸ್ ಪಿಎಚ್ 8.0 ಬಫರಿಗೆ ಬದಲಿಸಿ. ಡಿಸಾಲ್ಟಿಂಗ್ ಕಾಲಂ ಆಗಲಿ, ಪದೇ ಪದೇ ದುರ್ಬಲಗೊಳಿಸಿ ಸಾಂದ್ರಗೊಳಿಸುವುದಾಗಲಿ, ಒಟ್ಟು ಬದಲಾವಣೆ ಕನಿಷ್ಠ ಸಾವಿರ ಪಟ್ಟು ಆಗಲಿ. ಆರ್ಜಿನೈನ್, ಇಡಿಟಿಎ ಎರಡೂ ಇಲ್ಲಿಯೇ ಹೊರಹೋಗಬೇಕು. ಬರಹದ ಆರಂಭದಲ್ಲಿ ಹೇಳಿದ ರೋಗಿಯ ರಕ್ತ ವ್ಯರ್ಥವಾದದ್ದು ಈ ಒಂದು ಸಾಲನ್ನು ಹಾರಿಸಿದ್ದಕ್ಕೆ.

## ಹಂತ 6: ಬಯೋಟಿನ್ ಅಂಟಿಸಿ, ನಂತರ ಕಾಲಂ

ಬರ್‌ಎ ಕಿಣ್ವ ಕೆಲಸ ಮಾಡಲು ಎಟಿಪಿ ಬೇಕು, ಮೆಗ್ನೀಸಿಯಂ ಬೇಕು, ಬಯೋಟಿನ್ ಬೇಕು. ಇಡಿಟಿಎ ಉಳಿದಿದ್ದರೆ ಅದು ಮೆಗ್ನೀಸಿಯಂ ಕಸಿದುಕೊಳ್ಳುತ್ತದೆ. ಹೆಚ್ಚು ಉಪ್ಪು, ಗ್ಲಿಸರಾಲ್ ಎರಡೂ ಕಿಣ್ವವನ್ನು ಮಂಕಾಗಿಸುತ್ತವೆ. 50 ಮಿಲಿಮೋಲಾರ್ ಬೈಸಿನ್ ಪಿಎಚ್ 8.3, 10 ಮಿಲಿಮೋಲಾರ್ ಎಟಿಪಿ, 10 ಮಿಲಿಮೋಲಾರ್ ಮೆಗ್ನೀಸಿಯಂ ಅಸಿಟೇಟ್, 50 ಮೈಕ್ರೋಮೋಲಾರ್ ಬಯೋಟಿನ್, ಪ್ರೋಟಿಯೇಸ್ ತಡೆಗಾರಕ (ಇಡಿಟಿಎ ಇಲ್ಲದ್ದು) ಮತ್ತು ಬರ್‌ಎ ಸೇರಿಸಿ ರಾತ್ರಿಯಿಡೀ ಕೊಠಡಿಯ ತಾಪಮಾನದಲ್ಲಿಡಿ. ಬೇಸಿಗೆಯಲ್ಲಿ ನಮ್ಮ ಕೊಠಡಿಗಳು 32 ಡಿಗ್ರಿ ದಾಟುತ್ತವೆ. ದುರ್ಬಲ ಪೆಪ್ಟೈಡ್ ಇರುವ ಸಂಕೀರ್ಣ ಅಷ್ಟು ಶಾಖ ತಾಳದು, ಆದ್ದರಿಂದ 25 ಡಿಗ್ರಿಯ ಇನ್‌ಕ್ಯುಬೇಟರ್ ಬಳಸಿ.

ಮರುದಿನ ಜೆಲ್ ಫಿಲ್ಟ್ರೇಷನ್. ಬಯೋಟಿನ್ ಅಂಟಿಸಿದ ಮೇಲೆ ಕಾಲಂಗೆ ಹಾಕುವುದರಲ್ಲಿ ಒಂದು ಲಾಭವಿದೆ: ಒಂದೇ ಓಟದಲ್ಲಿ ಗಂಟುಗಟ್ಟಿದ ಪ್ರೋಟೀನ್ ಮುಂದೆ ಹೋಗುತ್ತದೆ, 46ರಿಂದ 47 ಕಿಲೋಡಾಲ್ಟನ್ ಸಂಕೀರ್ಣ ನಡುವೆ ಬರುತ್ತದೆ, ಹೆಚ್ಚುವರಿ ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಅದರ ಹಿಂದೆ, ಅಂಟದೆ ಉಳಿದ ಬಯೋಟಿನ್ ಕೊನೆಗೆ. ಈ ಬಿಡಿ ಬಯೋಟಿನ್ ಹೋಗಲೇಬೇಕು. ಉಳಿದರೆ ಮುಂದಿನ ಹಂತದಲ್ಲಿ ಸ್ಟ್ರೆಪ್ಟಾವಿಡಿನಿನ ನಾಲ್ಕೂ ಕುರ್ಚಿಗಳಲ್ಲಿ ಮೊದಲೇ ಕೂತುಬಿಡುತ್ತದೆ.

ನಡುವಿನ ಶಿಖರದ ಭಾಗಗಳನ್ನು ಜೆಲ್ ಮೇಲೆ ನೋಡಿ. 34 ಮತ್ತು 12ರ ಎರಡು ಪಟ್ಟಿಗಳೂ ಇರಬೇಕು. ಶಿಖರದ ಮುಂಭಾಗದ ಇಳಿಜಾರನ್ನು ಆಸೆಗೆ ಸೇರಿಸಿಕೊಳ್ಳಬೇಡಿ, ಗಂಟುಗಳು ಅಲ್ಲಿಯೇ ಅಡಗಿರುತ್ತವೆ. ಲೀಟರಿಗೆ ಕೆಲವು ಮಿಲಿಗ್ರಾಂ ಸಿಕ್ಕರೆ ಒಳ್ಳೆಯ ಇಳುವರಿ.

ಬಯೋಟಿನ್ ಅಂಟಿದೆಯೇ? ಸ್ವಲ್ಪ ಪ್ರೋಟೀನನ್ನು ಎಸ್‌ಡಿಎಸ್ ಬಫರಿನಲ್ಲಿ ಕುದಿಸಿ, ಪೂರ್ತಿ ತಣಿಸಿ, ಆಮೇಲೆ ಹೆಚ್ಚುವರಿ ಸ್ಟ್ರೆಪ್ಟಾವಿಡಿನ್ ಸೇರಿಸಿ, ಮತ್ತೆ ಕುದಿಸದೆ ಜೆಲ್ ಓಡಿಸಿ. ಬಯೋಟಿನ್ ಇರುವ ಹೆವಿ ಚೈನ್ 34ರ ಜಾಗ ಬಿಟ್ಟು ಮೇಲಕ್ಕೆ ಏರುತ್ತದೆ. ಪಕ್ಕದಲ್ಲಿ ಸ್ಟ್ರೆಪ್ಟಾವಿಡಿನ್ ಇಲ್ಲದ ಓಣಿ ಮತ್ತು ಸ್ಟ್ರೆಪ್ಟಾವಿಡಿನ್ ಮಾತ್ರ ಇರುವ ಓಣಿ ಇರಲಿ. ಶೇ. 90ಕ್ಕಿಂತ ಹೆಚ್ಚು ಏರಿದ್ದರೆ ಮುಂದೆ ಹೋಗಿ. ಅರ್ಧ ಮಾತ್ರ ಏರಿದ್ದರೆ ಕಿಣ್ವದ ಹಂತವನ್ನು ಮತ್ತೊಮ್ಮೆ ಮಾಡಿ.

ಜೆಲ್ ಹೇಳದ ಒಂದು ವಿಷಯವಿದೆ: ಮಡಿಕೆ ಸರಿಯೇ? ಅದಕ್ಕೆ ಡಬ್ಲ್ಯು6/32 ಪ್ರತಿಕಾಯದ ಎಲೈಸಾ ಮಾಡಿ. ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಜೊತೆ ಸರಿಯಾಗಿ ಕೂಡಿದ ಹೆವಿ ಚೈನನ್ನು ಮಾತ್ರ ಅದು ಹಿಡಿಯುತ್ತದೆ.

ಪಾಸಾದ ಪ್ರೋಟೀನನ್ನು ಸಣ್ಣ ಪಾಲುಗಳಾಗಿ ಮೈನಸ್ 80ರಲ್ಲಿಡಿ. ಕಿಣ್ವದ ಕೆಲಸ ಮುಗಿದಿರುವುದರಿಂದ ಗ್ಲಿಸರಾಲ್ ಸೇರಿಸಲು ಈಗ ಅಡ್ಡಿಯಿಲ್ಲ.

## ಹಂತ 7: ಟೆಟ್ರಾಮರ್ ಜೋಡಣೆ

ಇಲ್ಲಿ ಲೆಕ್ಕ ತಪ್ಪುವವರು ಬಹಳ. ಪಿಇ ಬಣ್ಣ ಹೊತ್ತ ಸ್ಟ್ರೆಪ್ಟಾವಿಡಿನ್ ಸುಮಾರು 300 ಕಿಲೋಡಾಲ್ಟನ್. 100 ಮೈಕ್ರೋಗ್ರಾಂ ಸಂಕೀರ್ಣ ಎಂದರೆ ಸುಮಾರು 2.1 ನ್ಯಾನೋಮೋಲ್. ನಾಲ್ಕಕ್ಕೆ ಒಂದರಂತೆ 0.53 ನ್ಯಾನೋಮೋಲ್ ಸ್ಟ್ರೆಪ್ಟಾವಿಡಿನ್ ಬೇಕು, ಅಂದರೆ ಸುಮಾರು 160 ಮೈಕ್ರೋಗ್ರಾಂ. ಬಣ್ಣವಿಲ್ಲದ ಸ್ಟ್ರೆಪ್ಟಾವಿಡಿನಿನ ತೂಕವನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ ಎಲ್ಲವೂ ಕೆಡುತ್ತದೆ.

ಸ್ಟ್ರೆಪ್ಟಾವಿಡಿನನ್ನು ಹತ್ತು ಪಾಲು ಮಾಡಿ, ಪ್ರತಿ ಹತ್ತು ನಿಮಿಷಕ್ಕೆ ಒಂದರಂತೆ, ತಣ್ಣಗೆ, ಕತ್ತಲಲ್ಲಿ, ಸಂಕೀರ್ಣದೊಳಗೆ ಸೇರಿಸಿ. ಮೊದಲ ಪಾಲುಗಳು ಬಂದಾಗ ಸಂಕೀರ್ಣ ಹೇರಳವಾಗಿರುವುದರಿಂದ ನಾಲ್ಕೂ ಜಾಗ ತುಂಬುತ್ತವೆ. ಒಂದೇ ಸಲ ಹಾಕಿದರೆ ಎರಡು ಮೂರು ಕೈಗಳವು ಹೆಚ್ಚು ಹುಟ್ಟಿ, ಹಿಡಿತ ಸಡಿಲವಾಗುತ್ತದೆ.

ಸಿದ್ಧ ಟೆಟ್ರಾಮರನ್ನು 4 ಡಿಗ್ರಿಯಲ್ಲಿ ಕತ್ತಲಲ್ಲಿಡಿ. ಎಂದಿಗೂ ಹೆಪ್ಪುಗಟ್ಟಿಸಬೇಡಿ. ಪಿಇ, ಎಪಿಸಿ ಎರಡೂ ಪ್ರೋಟೀನ್ ಬಣ್ಣಗಳು, ಹೆಪ್ಪುಗಟ್ಟಿದರೆ ಸಾಯುತ್ತವೆ.

## ಹಂತ 8: ರೋಗಿಯ ಮಾದರಿಗೆ ಮುನ್ನ ಆರೋಗ್ಯವಂತರ ರಕ್ತ

ಎ*02:01 ಇರುವ, ಎಪ್‌ಸ್ಟೀನ್-ಬಾರ್ ವೈರಸ್ ನೆನಪಿರುವ ದಾನಿಯ ರಕ್ತದ ಮೇಲೆ ಆ ವೈರಸ್ಸಿನ ಟೆಟ್ರಾಮರ್ ಹಾಕಿ. ಅದೇ ಟೆಟ್ರಾಮರನ್ನು ಎ2 ಇಲ್ಲದ ದಾನಿಯ ಕೋಶಗಳ ಮೇಲೂ ಹಾಕಿ. ಮೊದಲನೆಯದರಲ್ಲಿ ಬೇರ್ಪಟ್ಟ ಗುಂಪು ಕಾಣಬೇಕು, ಎರಡನೆಯದರಲ್ಲಿ ಕಾಣಬಾರದು. ಮಿಲಿಲೀಟರಿಗೆ 20 ಮೈಕ್ರೋಗ್ರಾಂನಿಂದ ಆರಂಭಿಸಿ ಅರ್ಧರ್ಧ ಇಳಿಸುತ್ತಾ, ಗುಂಪು ಸ್ಪಷ್ಟವಾಗಿದ್ದು ಹಿನ್ನೆಲೆ ಕನಿಷ್ಠವಾಗಿರುವ ಪ್ರಮಾಣ ಹುಡುಕಿ. ಇದು ಪ್ರತಿ ತಯಾರಿಕೆಗೂ ಬೇರೆಯಾಗಿರುತ್ತದೆ. ಹಳೆಯ ನೋಟ್‌ಬುಕ್ಕಿನ ಅಂಕಿ ನಕಲು ಮಾಡಬೇಡಿ.

## ಹಂತ 9: ರೋಗಿಯ ಕೋಶಗಳಿಗೆ ಬಣ್ಣ ಹಿಡಿಸುವುದು

ಮೊದಲು ಎಷ್ಟು ಕೋಶ ಬೇಕೆಂದು ಲೆಕ್ಕ ಹಾಕಿ. ರಕ್ತದಿಂದ ಬೇರ್ಪಡಿಸಿದ ಹತ್ತು ಲಕ್ಷ ಬಿಳಿ ಕೋಶಗಳಲ್ಲಿ ಸಿಡಿ8 ಕೋಶಗಳು ಶೇ. 20 ಎಂದುಕೊಂಡರೆ ಎರಡು ಲಕ್ಷ. ನಿಮ್ಮ ಗುರಿಯ ಕೋಶಗಳು ಅವುಗಳಲ್ಲಿ ಶೇ. 0.01 ಇದ್ದರೆ ಕೇವಲ 20. ತೊಳೆಯುವಾಗ ಒಂದಷ್ಟು ಹೋಗುತ್ತವೆ. ಉಳಿದ ಹನ್ನೆರಡು ಚುಕ್ಕೆಗಳಿಂದ ಏನನ್ನೂ ಹೇಳಲಾಗದು. ಐವತ್ತು ಲಕ್ಷ ಕೋಶಗಳಿಂದ ಆರಂಭಿಸಿದರೆ 100 ಚುಕ್ಕೆ. ಎಚ್‌ಪಿವಿ ವಿರುದ್ಧದ ಕೋಶಗಳು ರಕ್ತದಲ್ಲಿ ಇದಕ್ಕಿಂತಲೂ ವಿರಳವಾಗಿರುವುದು ಸಾಮಾನ್ಯ.

ಅದಕ್ಕೇ ಹಲವರು ಪೆಪ್ಟೈಡ್ ಮತ್ತು ಟಿ ಕೋಶಗಳನ್ನು ಬೆಳೆಸುವ ಐಎಲ್-2 ಕೊಟ್ಟು ಹತ್ತರಿಂದ ಹದಿನಾಲ್ಕು ದಿನ ಬೆಳೆಸಿ ನೋಡುತ್ತಾರೆ. ಇದು ಸರಿಯಾದ ದಾರಿಯೇ. ಆದರೆ ಬೆಳೆಸಿದ ಮೇಲಿನ ಶೇಕಡಾವಾರನ್ನು ರೋಗಿಯ ರಕ್ತದಲ್ಲಿರುವ ಪ್ರಮಾಣ ಎಂದು ವರದಿ ಮಾಡುವುದು ದೊಡ್ಡ ತಪ್ಪು.

ಕ್ರಮ ಹೀಗೆ:

1. ಕೋಶಗಳನ್ನು ಕೋಶದ ಸಂಕೇತ ತಡೆಯುವ ಔಷಧವಾದ ಡಾಸಾಟಿನಿಬ್ 50 ನ್ಯಾನೋಮೋಲಾರ್ ಜೊತೆ 37 ಡಿಗ್ರಿಯಲ್ಲಿ 30 ನಿಮಿಷ ಇಡಿ. ಟೆಟ್ರಾಮರ್ ತಗುಲಿದ ಗ್ರಾಹಕವನ್ನು ಕೋಶ ಒಳಗೆಳೆದುಕೊಳ್ಳುವುದನ್ನು ಇದು ತಡೆಯುತ್ತದೆ. ದುರ್ಬಲ ಹಿಡಿತದ ಟಿ ಕೋಶಗಳು ಕಾಣುವುದು ಇದರಿಂದಲೇ. ತೊಳೆದು ತೆಗೆಯಬೇಡಿ.

2. ಟೆಟ್ರಾಮರನ್ನು ಬಳಸುವ ಮೊದಲು 4 ಡಿಗ್ರಿಯಲ್ಲಿ ಐದು ನಿಮಿಷ ಜೋರಾಗಿ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನಷ್ಟೇ ತೆಗೆದುಕೊಳ್ಳಿ. ತಳದ ಗಂಟುಗಳು ಎಲ್ಲ ಕೋಶಗಳಿಗೂ ಅಂಟುತ್ತವೆ.

3. ಟೆಟ್ರಾಮರ್ ಮೊದಲು, ಪ್ರತಿಕಾಯಗಳು ನಂತರ. ಸಿಡಿ8 ಪ್ರತಿಕಾಯಗಳಲ್ಲಿ ಕೆಲವು ಕ್ಲೋನುಗಳು ಟೆಟ್ರಾಮರ್ ಅಂಟುವುದನ್ನೇ ತಡೆಯುತ್ತವೆ. ನೀವು ಬಳಸುವ ಕ್ಲೋನನ್ನು ಎಂಟನೆಯ ಹಂತದ ದಾನಿಯ ಮೇಲೆ ಪರೀಕ್ಷಿಸಿರಬೇಕು.

4. ಸತ್ತ ಕೋಶಗಳ ಬಣ್ಣ, ಸಿಡಿ3, ಸಿಡಿ8, ಮತ್ತು ಬೇಡದವನ್ನು ಹೊರಹಾಕಲು ಸಿಡಿ14 (ಮೋನೋಸೈಟುಗಳಿಗೆ), ಸಿಡಿ19 (ಬಿ ಕೋಶಗಳಿಗೆ) ಒಂದೇ ಬಣ್ಣದಲ್ಲಿ. ಸತ್ತ ಕೋಶಗಳು ಟೆಟ್ರಾಮರನ್ನು ಹೀರಿಕೊಳ್ಳುತ್ತವೆ, ಬಿ ಕೋಶಗಳೂ ಮೋನೋಸೈಟುಗಳೂ ಅಂಟಿಸಿಕೊಳ್ಳುತ್ತವೆ.

ಗಡ್ಡೆಯಿಂದ ಕೋಶ ತೆಗೆಯುವವರಿಗೆ ಒಂದು ಮಾತು. ಟ್ರಿಪ್ಸಿನ್ ಬಳಸಬೇಡಿ, ಅದು ಕೋಶದ ಮೇಲಿನ ಗ್ರಾಹಕಗಳನ್ನು ಕತ್ತರಿಸುತ್ತದೆ. ಕೊಲಾಜಿನೇಸ್ ಕೂಡ ಕೆಲವು ತಯಾರಿಕೆಗಳಲ್ಲಿ ಸಿಡಿ8 ಅನ್ನು ಕಡಿಯುವುದುಂಟು. ದಾನಿಯ ರಕ್ತದ ಕೋಶಗಳನ್ನು ಅದೇ ಕಿಣ್ವದಲ್ಲಿ ಅಷ್ಟೇ ಹೊತ್ತು ಇಟ್ಟು, ಸಿಡಿ8 ಉಳಿದಿದೆಯೇ ಎಂದು ಮೊದಲು ನೋಡಿ.

## ಹಂತ 10: ಪರದೆಯನ್ನು ಓದುವುದು

ಒಂದೇ ಪೆಪ್ಟೈಡಿನ ಟೆಟ್ರಾಮರನ್ನು ಪಿಇ ಮತ್ತು ಎಪಿಸಿ ಎರಡರಲ್ಲಿಯೂ ಮಾಡಿ, ಒಟ್ಟಿಗೆ ಹಾಕಿ. ನಿಜವಾದ ಕೋಶಗಳು ಎರಡರಲ್ಲಿಯೂ ಹೊಳೆದು ಕರ್ಣರೇಖೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ಒಂದೇ ಬಣ್ಣದಲ್ಲಿ ಹೊಳೆಯುವವನ್ನು ಬಿಟ್ಟುಬಿಡಿ. ವಿರಳ ಕೋಶಗಳ ಕೆಲಸದಲ್ಲಿ ಇದಕ್ಕಿಂತ ಉಪಯುಕ್ತವಾದ ಒಂದೇ ಒಂದು ಉಪಾಯ ನನಗೆ ಸಿಕ್ಕಿಲ್ಲ.

ಗೇಟ್, ಅಂದರೆ ಎಣಿಸುವ ಕೋಶಗಳ ಸುತ್ತಲಿನ ಗಡಿ, ಎಳೆಯುವುದು ನಿಜವಾದ ಟೆಟ್ರಾಮರ್ ಹಾಕಿದ ಮಾದರಿಯ ಮೇಲಲ್ಲ. ಸಂಬಂಧವಿಲ್ಲದ ಪೆಪ್ಟೈಡಿನ ಟೆಟ್ರಾಮರ್ ಹಾಕಿದ ಅದೇ ರೋಗಿಯ ಕೋಶಗಳ ಮೇಲೆ ಗೇಟ್ ಎಳೆದು, ಅದನ್ನು ಕದಲಿಸದೆ ನಿಜವಾದ ಮಾದರಿಗೆ ಹಾಕಿ. ಶೇಕಡಾವಾರಿನ ಜೊತೆಗೆ ಗೇಟಿನೊಳಗಿನ ಚುಕ್ಕೆಗಳ ಸಂಖ್ಯೆಯನ್ನೂ ಬರೆಯಿರಿ.

ಟೆಟ್ರಾಮರ್ ಅಂಟಿತು ಎಂದರೆ ಆ ಕೋಶ ಗಡ್ಡೆಯನ್ನು ಕೊಲ್ಲಬಲ್ಲದು ಎಂದಲ್ಲ. ಅದನ್ನು ಅರಿಯಲು, ಪೆಪ್ಟೈಡಿನಿಂದ ಪ್ರಚೋದಿಸಿ, ಸಕ್ರಿಯ ಟಿ ಕೋಶ ಸುರಿಸುವ ಇಂಟರ್‌ಫೆರಾನ್ ಗಾಮಾ ನೋಡಬೇಕು. ಆಗಲೂ ಟೆಟ್ರಾಮರನ್ನು ಪ್ರಚೋದನೆಗೆ ಮುನ್ನ ಹಾಕಿ, ಏಕೆಂದರೆ ಪ್ರಚೋದನೆಗೊಂಡ ಕೋಶ ತನ್ನ ಗ್ರಾಹಕಗಳನ್ನು ಒಳಗೆಳೆದುಕೊಳ್ಳುತ್ತದೆ. ಈ ಪ್ರಯೋಗದ ನಳಿಕೆಗೆ ಡಾಸಾಟಿನಿಬ್ ಹಾಕಬೇಡಿ, ಅದು ಸಂಕೇತವನ್ನೇ ನಿಲ್ಲಿಸಿಬಿಡುತ್ತದೆ.

## ಎಚ್ಚರಿಕೆಯ ಗುರುತುಗಳು: ಎಲ್ಲಿಗೆ ಹಿಂತಿರುಗಬೇಕು

ಎಪ್‌ಸ್ಟೀನ್-ಬಾರ್ ನಿಯಂತ್ರಣವೂ ಖಾಲಿ ಬಂದರೆ ರೋಗಿಯ ಮಾದರಿಯನ್ನು ಮುಟ್ಟಬೇಡಿ. ಆರನೆಯ ಹಂತದ ಸ್ಟ್ರೆಪ್ಟಾವಿಡಿನ್ ಜೆಲ್ಲಿಗೆ ಹಿಂತಿರುಗಿ.

ಜೆಲ್ಲಿನಲ್ಲಿ ಪಟ್ಟಿ ಏರಿದೆ, ಆದರೂ ಕೋಶಗಳಿಗೆ ಅಂಟುತ್ತಿಲ್ಲ ಎಂದಾದರೆ ಬಿಡಿ ಬಯೋಟಿನ್ ಉಳಿದಿರಬಹುದು, ಅಥವಾ ಮಡಿಕೆ ಸಡಿಲಗೊಂಡಿರಬಹುದು. ಎಲೈಸಾ ಈ ಎರಡನ್ನೂ ಬೇರ್ಪಡಿಸುತ್ತದೆ: ಡಬ್ಲ್ಯು6/32 ಚೆನ್ನಾಗಿ ಹಿಡಿದರೆ ದೋಷ ಜೋಡಣೆಯಲ್ಲಿ, ಹಿಡಿಯದಿದ್ದರೆ ದೋಷ ಪ್ರೋಟೀನಿನಲ್ಲಿ.

ನಿಯಂತ್ರಣ ಚೆನ್ನಾಗಿದ್ದು ಎಚ್‌ಪಿವಿ ಮಾತ್ರ ಖಾಲಿ ಬಂದರೆ ಕೋಶಗಳ ಸಂಖ್ಯೆ, ನಾಲ್ಕಂಕಿಯ ಎಚ್‌ಎಲ್‌ಎ ವರದಿ, ಗಡ್ಡೆಯ ವೈರಸ್ ತಳಿ ಮೂರನ್ನೂ ಮತ್ತೆ ನೋಡಿ. ಮೂರೂ ಸರಿಯಿದ್ದರೆ ಬೆಳೆಸಿ ನೋಡಿ. ಅದರಲ್ಲಿಯೂ ಖಾಲಿ ಬಂದರೆ ಮಾತ್ರ "ಈ ಪೆಪ್ಟೈಡಿನ ವಿರುದ್ಧ, ಈ ವಿಧಾನದಲ್ಲಿ, ಟಿ ಕೋಶಗಳು ಪತ್ತೆಯಾಗಲಿಲ್ಲ" ಎಂದು ಬರೆಯಿರಿ. "ಎಚ್‌ಪಿವಿ ವಿರುದ್ಧ ಟಿ ಕೋಶಗಳಿಲ್ಲ" ಎಂದು ಬರೆಯಲು ಒಂದು ಪೆಪ್ಟೈಡ್ ಅಧಿಕಾರ ಕೊಡುವುದಿಲ್ಲ.

ಸಂಬಂಧವಿಲ್ಲದ ಪೆಪ್ಟೈಡಿನ ಟೆಟ್ರಾಮರ್ ಕೂಡ ಅಷ್ಟೇ ಪ್ರಮಾಣದಲ್ಲಿ ಅಂಟಿದರೆ, ಪ್ರಮಾಣ ಹೆಚ್ಚಾಗಿದೆ ಅಥವಾ ಗಂಟುಗಳಿವೆ. ಎರಡು ತಿಂಗಳಿಗಿಂತ ಹಳೆಯ ಟೆಟ್ರಾಮರ್ ಆಗಿದ್ದರೆ ಸರಿಪಡಿಸಲು ಹೋಗಬೇಡಿ. ಅದನ್ನು ಎಸೆದು, ಮೈನಸ್ 80ರಿಂದ ಹೊಸ ಪಾಲು ತೆಗೆದು, ಏಳನೆಯ ಹಂತದಿಂದ ಮತ್ತೆ ಮಾಡಿ.